ಯಾವ ಸಾಲನ್ನು ಯಾರು ಮುಟ್ಟಿದ್ದರು

ಹೋದ ತಿಂಗಳು ಮನೆಯ ನೀರಿನ ಪಂಪಿಗೆ ಒಂದು ರಬ್ಬರ್ ಸೀಲ್ ಬೇಕಾಗಿ ಪೀಣ್ಯಕ್ಕೆ ಹೋಗಿದ್ದೆ. ಆಗಷ್ಟೇ ಮಳೆ ನಿಂತಿತ್ತು. ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಲೇತ್ ಯಂತ್ರ ಓಡುತ್ತಿತ್ತು. ಬಿಸಿ ಕಬ್ಬಿಣದ ಮೇಲೆ ಬೀಳುವ ಕೂಲಂಟ್ ಎಣ್ಣೆಯ ವಾಸನೆ ಒದ್ದೆ ಮಣ್ಣಿನ ವಾಸನೆಯ ಜೊತೆ ಕಲೆತು ಮೂಗಿಗೆ ಬಂತು. ಅಂಗಡಿಯವರು ‘ಯಾವ ಸೈಜು ಮೇಡಂ’ ಅಂತ ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಅಷ್ಟರಲ್ಲಿ ನಾನು ಅಲ್ಲಿಂದ ನಾಲ್ಕು ಗಲ್ಲಿ ಆಚೆಗಿನ ಒಂದು ಕಾರ್ಖಾನೆಯೊಳಗೆ, ಕೆಲವು ವರ್ಷ ಹಿಂದಿನ ಒಂದು ಮಳೆಗಾಲದಲ್ಲಿ ಇದ್ದೆ.

ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು ನಾನು. ಒಂದು ವರ್ಷ ಅಂದುಕೊಂಡದ್ದು ಅವಳು ಒಂದನೇ ಕ್ಲಾಸಿಗೆ ಹೋಗುವವರೆಗೂ ಎಳೆಯಿತು. ವಾಪಸ್ ಹೊರಟಾಗ ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳಲ್ಲಿ ಇಂಟರ್‌ವ್ಯೂ ಮಾಡುವ ಹುಡುಗ ಹುಡುಗಿಯರು ತುಂಬ ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಕೊನೆಯಲ್ಲಿ ‘ಈ ಗ್ಯಾಪ್‌ನಲ್ಲಿ ಏನ್ ಮಾಡ್ತಿದ್ರಿ’ ಅನ್ನುತ್ತಿದ್ದರು. ಮಗು ಸಾಕುತ್ತಿದ್ದೆ ಅಂದರೆ ನಗುತ್ತಿದ್ದರು, ಆಮೇಲೆ ಫೋನ್ ಬರುತ್ತಿರಲಿಲ್ಲ. ನಾವಿದ್ದದ್ದು ಜಾಲಹಳ್ಳಿಯಲ್ಲಿ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಜೊತೆ ವಾಕಿಂಗ್ ಹೋಗುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಪೀಣ್ಯದ ಕೆಲಸ ಸಿಕ್ಕಿತು. ಕಾರ್ಖಾನೆಯ ಹಳೇ ಕಂಪ್ಯೂಟರ್ ಸರ್ವರಿನಲ್ಲಿದ್ದ ಡೇಟಾಬೇಸನ್ನು ಹೊಸ ಸರ್ವರಿಗೆ ಸಾಗಿಸಿ ಕೊಡಬೇಕು, ಅಷ್ಟೇ. ಆ ಮಳೆಗಾಲ ಮುಗಿಯುವವರೆಗಿನ ಕೆಲಸ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಪೈಪಿಗೆ ಜೋಡಿಸುವ ರೆಗ್ಯುಲೇಟರುಗಳು. ಹಾಸಿಗೆಯ ತಲೆಯ ಹತ್ತಿರ ಗೋಡೆಯಲ್ಲಿ ಕಾಣುವ ಸಣ್ಣ ಹಿತ್ತಾಳೆ ಸಾಮಾನು. ಪ್ರತಿಯೊಂದಕ್ಕೂ ಒತ್ತಡದ ಗಾಳಿ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಒತ್ತಡ ಎಷ್ಟು ಇಳಿಯಿತು ಅಂತ ನೋಡುತ್ತಿದ್ದರು. ಇಳಿದದ್ದು ಮಿತಿಯೊಳಗಿದ್ದರೆ ಹಸಿರು ಟ್ರೇ, ಮಿತಿ ದಾಟಿದರೆ ಕೆಂಪು ಟ್ರೇ. ಆ ಸಂಖ್ಯೆ ತಂತಾನೇ ಡೇಟಾಬೇಸಿಗೆ ಹೋಗುತ್ತಿತ್ತು. ಒಂದು ರೆಗ್ಯುಲೇಟರಿಗೆ ಒಂದು ಸಾಲು.

ಮಾಲೀಕರು ನಂಜುಂಡಯ್ಯನವರು. ಅರವತ್ತು ದಾಟಿದ ಇಂಜಿನಿಯರು, ಮಾತು ಕಡಿಮೆ. ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ ಪ್ರಭಾಕರ್, ನನ್ನದೇ ವಯಸ್ಸು, ಯಾವಾಗಲೂ ಅವಸರ. ಟೆಸ್ಟ್ ಬೆಂಚಿನ ಮುಂದೆ ಕೂರುತ್ತಿದ್ದವರು ಪುಟ್ಟಲಕ್ಷ್ಮಮ್ಮ. ನನಗಿಂತ ಐದಾರು ವರ್ಷ ದೊಡ್ಡವರು. ಚಿಕ್ಕಬಾಣಾವರದ ಹಳೇ ಮನೆತನ ಅವರದು. ಹೊಲಗಳೆಲ್ಲ ಸೈಟುಗಳಾಗಿ, ಅವುಗಳ ಮೇಲೆ ಬಾಡಿಗೆ ಮನೆಗಳೆದ್ದು, ಗಂಡ ಅದನ್ನು ನೋಡಿಕೊಂಡಿದ್ದರು. ಇವರು ಕೆಲಸಕ್ಕೆ ಬರಲೇಬೇಕಾದ ಅಗತ್ಯವಿರಲಿಲ್ಲ. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬೆಂಚು ಒರೆಸಿ, ಓಲೆ ಬಿಚ್ಚಿ ಡಬ್ಬಿಯಲ್ಲಿಟ್ಟು, ಕೋಟು ಹಾಕಿಕೊಂಡು ಕೂರುತ್ತಿದ್ದರು.

‘ಮನೇಲಿ ನಾನು ಸೊಸೆ, ಇವರ ಎಂಡ್ರು, ಮಗನ ತಾಯಿ. ಇಲ್ಲಿ ನಾನು ಪುಟ್ಲಕ್ಷ್ಮಿ’ ಅಂದಿದ್ದರು ಒಮ್ಮೆ, ಊಟದ ಹೊತ್ತಿನಲ್ಲಿ, ಮುದ್ದೆ ಮುರಿಯುತ್ತಾ. ‘ನಮ್ಮತ್ತೆ ದಿನಾ ಏಳ್ತದೆ, ಬಾಡಿಗೆ ತಿಂದ್ಕೊಂಡು ಕೂತ್ಕೊಳದ್ ಬಿಟ್ಟು ಕೈಗೆ ಗ್ರೀಸ್ ಮೆತ್ಕೊಳಕ್ಕೆ ಯಾಕೆ ಓಗ್ತೀಯ ಅಂತ. ಏನೇಳನ ಮೇಡಂ.’

ನಾನು ಸೇರಿ ಎರಡು ಮೂರು ವಾರವಾಗಿರಬೇಕು, ದೂರದ ಊರಿನ ಒಂದು ಆಸ್ಪತ್ರೆಯಿಂದ ದೂರು ಬಂತು. ಹೊಸದಾಗಿ ಜೋಡಿಸುವಾಗಲೇ ನಮ್ಮ ರೆಗ್ಯುಲೇಟರ್ ಸೋರುತ್ತಿದೆ ಅಂತ ಅಲ್ಲಿನ ತಂತ್ರಜ್ಞರು ಬಿಚ್ಚಿ ವಾಪಸ್ ಕಳಿಸಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ನಂಜುಂಡಯ್ಯನವರ ಮುಖ ಕಪ್ಪಿಟ್ಟಿತು. ಪ್ರಭಾಕರ್ ಕಂಪ್ಯೂಟರಿನಲ್ಲಿ ಆ ಪೀಸಿನ ಚರಿತ್ರೆ ತೆಗೆದರು. ಯಾವುದಾದರೂ ಸಂಖ್ಯೆಯನ್ನು ಯಾರಾದರೂ ತಿದ್ದಿದರೆ, ಹಳೇ ಸಂಖ್ಯೆ, ಹೊಸ ಸಂಖ್ಯೆ, ತಿದ್ದಿದವರ ಹೆಸರು ಅಲ್ಲಿ ಬರುತ್ತಿತ್ತು. ಆ ಪೀಸಿನ ಹಳೇ ಸಂಖ್ಯೆ ಮಿತಿ ದಾಟಿತ್ತು. ಹೊಸ ಸಂಖ್ಯೆ ಮಿತಿಯೊಳಗಿತ್ತು. ತಿದ್ದಿದವರು: ಪುಟ್ಟಲಕ್ಷ್ಮಿ. ಅದೊಂದೇ ಅಲ್ಲ, ಅದರ ಜೊತೆ ಒಟ್ಟಿಗೆ ತಯಾರಾದ ಲಾಟಿನ ಅಷ್ಟೂ ಪೀಸುಗಳ ಮುಂದೆ ಅವರದೇ ಹೆಸರಿತ್ತು.

ಸೋರುವ ಮಾಲನ್ನು ಪಾಸು ಮಾಡಿಬಿಟ್ಟಿದ್ದಾರೆ ಅನ್ನುವಂತೆ ಕಾಣುತ್ತಿತ್ತು. ಯಾರು ನೋಡಿದರೂ ಹಾಗೇ ಅನ್ನುತ್ತಿದ್ದರು.

ಅವರನ್ನು ಆಫೀಸಿಗೆ ಕರೆಸಿದಾಗ ನಾನು ಮೂಲೆಯ ಟೇಬಲ್ಲಿನಲ್ಲೇ ಇದ್ದೆ.

‘ಆವತ್ತು ಒಂದು ಪೀಸಿನ ನಂಬರ್ ತಪ್ಪಾಗಿತ್ತು ಸಾರ್, ಅದನ್ನ ತಿದ್ದಿವ್ನಿ. ಅದ್ ಬಿಟ್ರೆ ನಾನು ಏನೂ ಮುಟ್ಟಿಲ್ಲ’ ಅಂದರು.

‘ಹಿಸ್ಟರೀಲಿ ಇಡೀ ಲಾಟಿಗೆ ನಿಮ್ಮ ಹೆಸರೇ ಇದೆಯಲ್ಲ ಪುಟ್ಲಕ್ಷ್ಮಮ್ಮ. ಕಂಪ್ಯೂಟರ್‌ಗೆ ನಿಮ್ಮ ಮೇಲೇನು ದ್ವೇಷಾನಾ?’ ಪ್ರಭಾಕರ್ ದನಿ ಏರಿಸಿರಲಿಲ್ಲ. ಅವರಿಗೂ ಬೇಜಾರಾಗಿತ್ತು ಅನ್ನುವುದು ಕಾಣುತ್ತಿತ್ತು.

‘ಅದ್ಕೇನೋ ನಂಗೊತ್ತಿಲ್ಲ. ನಾನ್ ಮುಟ್ಟಿಲ್ಲ.’

ವಿಚಾರಣೆ ಮುಗಿಯುವವರೆಗೆ ಬೆಂಚಿಗೆ ಹೋಗಬೇಡಿ, ಪ್ಯಾಕಿಂಗ್‌ನಲ್ಲಿ ಕೂತಿರಿ ಅಂದರು ನಂಜುಂಡಯ್ಯನವರು. ಪುಟ್ಟಲಕ್ಷ್ಮಮ್ಮ ತಲೆಯಾಡಿಸಿ ಹೊರಗೆ ಹೋದರು. ಅವರು ಕೆಲಸ ಬಿಡುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು. ಮಾರನೇ ದಿನ ಮಳೆಯಲ್ಲೇ ಸ್ಕೂಟರಿನಲ್ಲಿ ಬಂದು, ಪ್ಯಾಕಿಂಗ್ ಶೆಡ್ಡಿನಲ್ಲಿ ಕೂತು ಥರ್ಮೋಕೋಲ್ ಪೆಟ್ಟಿಗೆಗೆ ಟೇಪು ಸುತ್ತತೊಡಗಿದರು. ಬೇರೆ ಹೆಂಗಸರು ಅವರ ಹತ್ತಿರ ಮಾತಾಡಲೋ ಬೇಡವೋ ಅಂತ ನೋಡುತ್ತಿದ್ದರು.

ಮಧ್ಯಾಹ್ನ ನಾನೇ ಡಬ್ಬಿ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತೆ. ಅವರ ಡಬ್ಬಿ ತೆರೆದಿರಲಿಲ್ಲ.

‘ಮನೇಲಿ ಏಳಿಲ್ಲ ಇನ್ನೂ’ ಅಂದರು. ‘ಏಳಿದ್ರೆ ಬಿಟ್ಬಿಡು ಅಂತಾರೆ. ಈಗ ಬಿಟ್ರೆ ಔದು ನಾನೇ ಮಾಡ್ದೆ ಅಂದಂಗಾಯ್ತದೆ.’ ಆಮೇಲೆ ನನ್ನ ಕಡೆ ತಿರುಗಿ ಅಂದರು, ‘ಸುಧಾ ಮೇಡಂ, ನೀವು ಆ ಕಂಪ್ಯೂಟರ್ ಒಳಗಿಂದು ನೋಡ್ತೀರಲ್ಲ. ನನ್ ಪರವಾಗಿ ಮಾತಾಡಿ ಅಂತ ಕೇಳ್ತಿಲ್ಲ. ನನ್ನೆಸರು ಯಾಕೆ ಬರೀತು ಅದು, ನೋಡಿ ಏಳಿ. ನಾನೇ ಮಾಡಿದ್ರೆ ನಾನೇ ಅಂತ್ಲೇ ಏಳಿ.’

ನೋಡ್ತೀನಿ ಅಂದೆ. ಅನ್ನುವಾಗ ಒಳಗೊಳಗೇ ಅಳುಕು. ಇಷ್ಟು ವರ್ಷ ಬಿಟ್ಟ ಮೇಲೆ ನನಗೆ ಅಷ್ಟು ಕಾಣುತ್ತದೆಯೇ ಅನ್ನುವ ಅಳುಕು.

ಹೇಗೂ ಸಾಗಿಸುವ ಮೊದಲು ಡೇಟಾಬೇಸಿನಲ್ಲಿ ಏನೇನಿದೆ ಅಂತ ಓದಲೇಬೇಕಿತ್ತು. ಚರಿತ್ರೆ ಬರೆಯುತ್ತಿದ್ದದ್ದು ಒಂದು ಟ್ರಿಗರ್. ಟ್ರಿಗರ್ ಅಂದರೆ ಯಾರೂ ಕರೆಯದೆ ತಾನೇ ಏಳುವ ಸಣ್ಣ ಪ್ರೋಗ್ರಾಮು. ಸಾಲು ಬದಲಾದ ಕೂಡಲೇ ಎದ್ದು ತನ್ನ ಕೆಲಸ ಮಾಡಿ ಮಲಗುತ್ತದೆ. ಇದನ್ನು ಬರೆದವರು ಯಾವತ್ತೋ ಕೆಲಸ ಬಿಟ್ಟು ಹೋಗಿದ್ದರು. ಮೊದಲ ಸಲ ಓದಿದಾಗ ತಪ್ಪೇನೂ ಕಾಣಲಿಲ್ಲ. ಟೀ ಕುಡಿದು ಬಂದು ಇನ್ನೊಮ್ಮೆ ಓದಿದೆ. ಅದು ಎದ್ದಾಗ ತನ್ನನ್ನು ಎಬ್ಬಿಸಿದ ಸಾಲು ಯಾವುದು ಅಂತ ಕೇಳುತ್ತಿರಲಿಲ್ಲ. ‘ಈ ಲಾಟಿನಲ್ಲಿ ಇವತ್ತು ಬದಲಾದ ಸಾಲುಗಳು ಯಾವುವು’ ಅಂತ ಕೇಳುತ್ತಿತ್ತು. ಸಿಕ್ಕ ಎಲ್ಲದರ ಮುಂದೆಯೂ ಆ ಕ್ಷಣ ಲಾಗಿನ್ ಮಾಡಿ ಕೂತಿದ್ದವರ ಹೆಸರು ಬರೆಯುತ್ತಿತ್ತು. ಅಲ್ಲಿ ಮೊದಲೇ ಬೇರೆ ಹೆಸರಿದ್ದರೆ ಅದನ್ನು ಅಳಿಸಿ ಬರೆಯುತ್ತಿತ್ತು.

ಒಬ್ಬರೇ ಕೂತು ಕೆಲಸ ಮಾಡುವ ದಿನ ಇದರಿಂದ ತೊಂದರೆಯಿಲ್ಲ. ಒಂದೇ ದಿನ ಇಬ್ಬರು ಮುಟ್ಟಿದರೆ, ಮೊದಲು ಮುಟ್ಟಿದವರ ಕೆಲಸವೆಲ್ಲ ಕೊನೆಗೆ ಬಂದವರ ತಲೆಗೆ.

ನಕಲು ಮಾಡಿಕೊಂಡಿದ್ದ ಡೇಟಾಬೇಸಿನಲ್ಲಿ ಪರೀಕ್ಷೆ ಮಾಡಿದೆ. ಒಂದು ಸುಳ್ಳು ಹೆಸರಿನಲ್ಲಿ ಹಲವು ಸಾಲು ಬದಲಿಸಿದೆ. ಇನ್ನೊಂದು ಸುಳ್ಳು ಹೆಸರಿನಲ್ಲಿ ಬಂದು ಒಂದೇ ಒಂದು ಸಾಲು ಮುಟ್ಟಿದೆ. ಚರಿತ್ರೆ ತೆಗೆದರೆ ಎಲ್ಲ ಸಾಲುಗಳಿಗೂ ಎರಡನೆಯವರ ಹೆಸರು. ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊರಗೆ ಲಾರಿಯೊಂದು ಕೆಸರಿನಲ್ಲಿ ಹಿಮ್ಮುಖ ಬರುತ್ತಿತ್ತು. ವರ್ಷಗಳ ಮೇಲೆ ಮೊದಲ ಸಲ, ನನಗೆ ಈ ಕೆಲಸ ಬರುತ್ತದೆ ಅಂತ ಅನ್ನಿಸಿತು.

ಆದರೆ ಇಷ್ಟರಿಂದ ಪುಟ್ಟಲಕ್ಷ್ಮಮ್ಮ ತಪ್ಪು ಮಾಡಿಲ್ಲ ಅಂತ ಆಗುವುದಿಲ್ಲ. ಅವರ ಹೆಸರು ತಪ್ಪಾಗಿ ಬಂದಿರಬಹುದು ಅಂತ ಮಾತ್ರ. ಪ್ರಭಾಕರ್ ಅದನ್ನೇ ಹೇಳಿದರು.

‘ಇರಬಹುದು ಮೇಡಂ, ಟ್ರಿಗರ್ ಸರಿಯಿಲ್ಲ ಅಂತಿಟ್ಕೊಳ್ಳಿ. ಆ ನಂಬರ್‌ಗಳನ್ನ ಯಾರೋ ಬದಲಾಯಿಸಿದಾರಲ್ಲ? ಬೆಂಚಲ್ಲಿ ಕೂತಿದ್ದೋರು ಅವರೇ ತಾನೇ. ನೀವು ಬಂದಿರೋದು ಸರ್ವರ್ ಶಿಫ್ಟ್ ಮಾಡೋಕೆ, ಅದನ್ನ ಮುಗಿಸಿ. ಶನಿವಾರ ಹೊಸ ಮೆಷಿನ್‌ನೋರು ಬರ್ತಾರೆ.’

ಶನಿವಾರ ಅಂದ ಕೂಡಲೇ ನನಗೆ ಒಂದು ಹಳೆಯ ಪಾಠ ನೆನಪಿಗೆ ಬಂತು. ಡೇಟಾಬೇಸಿನಲ್ಲಿ ಒಟ್ಟಿಗೆ ಆಗಬೇಕಾದ ಕೆಲಸಗಳನ್ನೆಲ್ಲ ಒಂದು ಗಂಟು ಕಟ್ಟಿ ಮಾಡುತ್ತಾರೆ. ಆಗುವುದಾದರೆ ಆ ಗಂಟು ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಬಾರದು. ಅದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತೇವೆ. ನಮ್ಮ ಡೇಟಾಬೇಸು ಪ್ರತಿ ಟ್ರಾನ್ಸಾಕ್ಷನ್ನಿಗೂ ಒಂದು ಸಂಖ್ಯೆ ಕೊಡುತ್ತಿತ್ತು. ಆ ಟ್ರಾನ್ಸಾಕ್ಷನ್ ಯಾವ ಸಾಲನ್ನು ಮುಟ್ಟಿದರೂ ಅದರೊಳಗೆ ಆ ಸಂಖ್ಯೆಯನ್ನು ಬರೆದಿಡುತ್ತಿತ್ತು. ಮಾಮೂಲಿಯಾಗಿ ಕೇಳಿದರೆ ಅದು ಕಾಣುವುದಿಲ್ಲ, ಅದನ್ನೇ ಹೆಸರಿಟ್ಟು ಕೇಳಬೇಕು. ಗಡಿಯಾರದ ಸಮಯವನ್ನು ನಂಬುವಂತಿಲ್ಲ, ಒಂದೇ ನಿಮಿಷದಲ್ಲಿ ಇಬ್ಬರು ಕೆಲಸ ಮಾಡಬಹುದು. ಈ ಸಂಖ್ಯೆ ಮಾತ್ರ ಇಬ್ಬರಿಗೆ ಒಂದೇ ಬರುವುದಿಲ್ಲ. ಚರಿತ್ರೆಯಲ್ಲಿ ಹೆಸರು ಅಳಿಸಿಹೋಗಿದ್ದರೂ ಮೂಲ ಸಾಲುಗಳನ್ನು ಆ ಟ್ರಿಗರ್ ಮುಟ್ಟಿರಲಿಲ್ಲ. ಹಾಗಾಗಿ ಅವುಗಳೊಳಗೆ ಮುಟ್ಟಿದವರ ಗುರುತು ಇನ್ನೂ ಇರಬೇಕು.

ಶನಿವಾರ ಹೊಸ ಮೆಷಿನ್ನಿಗೆ ಸಾಗಿಸಿದರೆ ಸಾಲುಗಳೆಲ್ಲ ಅಲ್ಲಿ ಹೊಸದಾಗಿ ಬರೆಯಲ್ಪಡುತ್ತವೆ. ಎಲ್ಲಕ್ಕೂ ಹೊಸ ಸಂಖ್ಯೆ ಬೀಳುತ್ತದೆ. ಹಳೇ ಮೆಷಿನ್ನು ಗುಜರಿಗೆ. ನಾನು ಪರೀಕ್ಷೆ ಮಾಡಿದ ನಕಲಿನಲ್ಲೂ ಹಳೆಯ ಗುರುತುಗಳು ಹೋಗಿದ್ದವು. ಉಳಿದಿದ್ದದ್ದು ಆ ಹಳೇ ಮೆಷಿನ್ನಿನಲ್ಲಿ ಮಾತ್ರ, ಅದೂ ಕರೆಂಟು ಹೋದಾಗೆಲ್ಲ ಗೊರಗೊರ ಅಂತ ನರಳುತ್ತಿದ್ದ ಡಿಸ್ಕಿನಲ್ಲಿ.

ನೇರ ನಂಜುಂಡಯ್ಯನವರ ಕೋಣೆಗೆ ಹೋದೆ.

‘ಸಾರ್, ಹಳೇ ಸರ್ವರ್‌ನ ಈಗಲೇ ಬದಲಾಯಿಸಬೇಡಿ. ಅದರೊಳಗೆ ಯಾವ ಸಾಲನ್ನ ಯಾವ ಕೆಲಸ ಮುಟ್ಟಿತು ಅನ್ನೋ ಗುರುತು ಇದೆ. ಸಾಗಿಸಿದ್ರೆ ಹೋಗ್ಬಿಡುತ್ತೆ.’

‘ಅರ್ಥ ಆಗೋ ಹಾಗೆ ಹೇಳಮ್ಮ.’

‘ಇಸ್ತ್ರಿ ಅಂಗಡಿಯವರು ಒಂದು ಮನೆ ಗಂಟಿನ ಬಟ್ಟೆಗೆಲ್ಲ ಕಾಲರ್ ಒಳಗೆ ಒಂದೇ ಗುರುತು ಹಾಕ್ತಾರಲ್ಲ ಸಾರ್. ಆಮೇಲೆ ಬಟ್ಟೆ ಯಾವ ರಾಶೀಲಿ ಸೇರಿಕೊಂಡಿದ್ರೂ ಯಾವ ಗಂಟಿಂದು ಅಂತ ಗೊತ್ತಾಗುತ್ತೆ. ಹಾಗೇ ಇದು.’

ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ‘ಆಯಮ್ಮ ತಪ್ಪು ಮಾಡಿದ್ರೂ ಅದರಲ್ಲಿ ಗೊತ್ತಾಗುತ್ತಾ?’

‘ಗೊತ್ತಾಗುತ್ತೆ ಸಾರ್.’

‘ಸರಿ. ಶುಕ್ರವಾರ ಸಂಜೆಯೊಳಗೆ ನೋಡಿ ಹೇಳು.’

ಆ ಎರಡು ದಿನ ಪೀಣ್ಯದಲ್ಲಿ ಸುರಿದ ಮಳೆಗೆ ಲೆಕ್ಕವಿಲ್ಲ. ಚರಂಡಿ ಉಕ್ಕಿ ಗೇಟಿನ ತನಕ ನೀರು ಬಂತು. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದು ಅಪ್ಪನ ಪಾಲಿಗೆ ಬಿತ್ತು. ಕರೆಂಟು ಹೋಗಿ ಬಂದಾಗೆಲ್ಲ ನಾನು ಸರ್ವರಿನ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಮೊದಲು ಮಾಡಿದ ಕೆಲಸ, ಆ ಒಳಗಿನ ಸಂಖ್ಯೆಗಳನ್ನೆಲ್ಲ ಓದಿ, ಎಲ್ಲರಿಗೂ ಕಾಣುವಂತೆ ಬೇರೆ ಕಡೆ ಪ್ರತಿ ತೆಗೆದಿಟ್ಟದ್ದು. ಆಮೇಲೆ ಪುಟ್ಟಲಕ್ಷ್ಮಮ್ಮನ ಹೆಸರಿದ್ದ ಒಂದೊಂದೇ ಸಾಲಿನ ಪಕ್ಕ ಅದರ ಸಂಖ್ಯೆಯನ್ನು ಇಟ್ಟು ನೋಡಿದೆ. ನೋಡಿದ ಮೇಲೆ ಯಾರಿಗೂ ಏನೂ ಹೇಳದೆ ಇನ್ನೊಮ್ಮೆ ಮೊದಲಿನಿಂದ ಮಾಡಿದೆ. ಅದೇ ಬಂತು.

ಶುಕ್ರವಾರ ಮಧ್ಯಾಹ್ನ ನಂಜುಂಡಯ್ಯನವರ ಕೋಣೆಯಲ್ಲಿ ನಾವು ಮೂವರೇ. ಶೀಟಿನ ಚಾವಣಿ ಮೇಲೆ ಮಳೆ ಬಡಿಯುತ್ತಿದ್ದುದರಿಂದ ಜೋರಾಗಿ ಮಾತಾಡಬೇಕಿತ್ತು.

‘ಇದು ಪುಟ್ಟಲಕ್ಷ್ಮಮ್ಮ ನಂಬರ್ ತಿದ್ದಿದ್ದ ಪೀಸು’ ಅಂದೆ, ಪರದೆ ತೋರಿಸಿ. ‘ಅವರ ಟ್ರಾನ್ಸಾಕ್ಷನ್ ಸಂಖ್ಯೆ ಇದರ ಮೇಲೆ ಮಾತ್ರ ಇದೆ. ಅವರ ಹೆಸರಿರೋ ಮಿಕ್ಕ ಎಲ್ಲ ಸಾಲುಗಳ ಮೇಲೂ ಬೇರೆ ಸಂಖ್ಯೆ ಇದೆ. ಅದು ಅವರದಕ್ಕಿಂತ ಮುಂಚಿನದು. ಅಷ್ಟಕ್ಕೂ ಒಂದೇ ಸಂಖ್ಯೆ. ಅಂದ್ರೆ ಅಷ್ಟನ್ನೂ ಯಾರೋ ಒಂದೇ ಏಟಿಗೆ ಬದಲಾಯಿಸಿದಾರೆ. ಒಂದೊಂದಾಗಿ ಕೂತು ತಿದ್ದಿದ್ದಲ್ಲ.’

‘ಯಾರು?’ ಅಂದರು ನಂಜುಂಡಯ್ಯನವರು.

‘ಅದೇ ಸಂಖ್ಯೆ ಬೇರೆ ಎಲ್ಲಾದ್ರೂ ಇದೆಯಾ ಅಂತ ಹುಡುಕಿದೆ ಸಾರ್. ಅವತ್ತೇ ಟೆಸ್ಟಾದ ಇನ್ನೆರಡು ಲಾಟುಗಳಲ್ಲೂ ಇದೆ. ಆ ಲಾಟುಗಳನ್ನ ಆಮೇಲೆ ಯಾರೂ ಮುಟ್ಟಿಲ್ಲ, ಹಾಗಾಗಿ ಅವುಗಳ ಹಿಸ್ಟರೀಲಿ ಮೊದಲಿನ ಹೆಸರು ಹಾಗೇ ಉಳಿದಿದೆ. ಟೆಸ್ಟ್ ಬೆಂಚ್ ಅಂತಿದೆ. ಎಲ್ಲರೂ ಬಳಸೋ ಲಾಗಿನ್ ಅದು. ಎಲ್ಲ ಸಂಖ್ಯೆಗಳಿಂದಲೂ ಒಂದೇ ಮೊತ್ತ ಕಳೆದಿದಾರೆ.’

ಪ್ರಭಾಕರ್ ಪರದೆಯ ಹತ್ತಿರ ಬಗ್ಗಿದರು. ತಾರೀಕು ನೋಡಿದರು. ಕಳೆದ ಮೊತ್ತ ನೋಡಿದರು. ಅವರು ನೆಟ್ಟಗಾಗಲು ತುಂಬ ಹೊತ್ತು ತೆಗೆದುಕೊಂಡರು. ನಾನು ಯಾವ ಹೆಸರನ್ನೂ ಹೇಳಿರಲಿಲ್ಲ. ಆ ಲಾಗಿನ್ನಿನ ಹಿಂದೆ ಯಾರಿದ್ದರು ಅಂತ ನನಗಾಗಲೀ ಕಂಪ್ಯೂಟರಿಗಾಗಲೀ ಗೊತ್ತಿರಲಿಲ್ಲ. ಅವರು ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ನಿಂತುಬಿಡುತ್ತಿತ್ತು.

‘ನಾನೇ ಸಾರ್’ ಅಂದರು ಪ್ರಭಾಕರ್.

ಮಳೆಯ ಸದ್ದಿನಲ್ಲಿ ನಂಜುಂಡಯ್ಯನವರಿಗೆ ಕೇಳಿಸಲಿಲ್ಲ. ಪ್ರಭಾಕರ್ ಇನ್ನೊಮ್ಮೆ ಹೇಳಬೇಕಾಯಿತು.

‘ನಾನೇ ಸಾರ್ ಮಾಡಿದ್ದು. ಅವತ್ತು ಕ್ಯಾಲಿಬ್ರೇಷನ್‌ನೋರು ಬಂದು ಒತ್ತಡ ಅಳೆಯೋ ಗೇಜ್ ಚೆಕ್ ಮಾಡಿದ್ರು. ಸ್ವಲ್ಪ ವ್ಯತ್ಯಾಸ ಇದೆ, ಬೆಳಿಗ್ಗೆಯಿಂದ ಆಗಿರೋ ರೀಡಿಂಗ್‌ಗಳನ್ನೂ ಸರಿ ಮಾಡ್ಕೊಳ್ಳಿ ಅಂದ್ರು. ಕರೆಕ್ಷನ್ ಸ್ಕ್ರೀನಲ್ಲಿ ಒಟ್ಟಿಗೆ ಮಾಡ್ದೆ. ಕೆಂಪು ಟ್ರೇಲಿದ್ದದ್ದು ಪಾಸ್ ಅಂತ ಬಂತು. ಗೇಜ್ ತಪ್ಪಿತ್ತಲ್ಲ, ಅದಕ್ಕೇ ಫೇಲ್ ಆಗಿತ್ತು ಅಂದ್ಕೊಂಡು ಹಸಿರು ಟ್ರೇಗೆ ಹಾಕಿಸ್ದೆ.’ ಅವರು ಪರದೆಯ ಮೇಲಿನ ಮೊತ್ತಕ್ಕೆ ಬೆರಳಿಟ್ಟರು. ‘ಒತ್ತಡ ಇಳಿದದ್ದನ್ನ ಗೇಜ್ ಕಮ್ಮಿ ತೋರಿಸ್ತಿತ್ತು. ಕೂಡಿಸಬೇಕಿತ್ತು. ಕಳೆದಿದೀನಿ.’

ನಂಜುಂಡಯ್ಯನವರು ಎದ್ದು ಸ್ಟೋರಿಗೆ ಹೋಗಿ, ಅದೇ ಲಾಟಿನಲ್ಲಿ ಉಳಿದಿದ್ದ ಒಂದು ರೆಗ್ಯುಲೇಟರನ್ನು ತಾವೇ ಟೆಸ್ಟ್ ಬೆಂಚಿನ ಹತ್ತಿರ ತಂದರು. ನಾವಿಬ್ಬರೂ ಹಿಂದೆಯೇ ಹೋದೆವು. ‘ಪುಟ್ಟಲಕ್ಷ್ಮಮ್ಮನ್ನ ಕರೀರಿ’ ಅಂದರು.

ಪುಟ್ಟಲಕ್ಷ್ಮಮ್ಮ ಟೇಪಿನ ಚೂರು ಅಂಟಿದ್ದ ಕೈಯಲ್ಲೇ ಬಂದರು. ಯಾಕೆ ಕರೆದರು ಅಂತ ಅವರಿಗೆ ಹೇಳಿರಲಿಲ್ಲ. ಬೆಂಚಿನ ಪಕ್ಕ ನೀರಿನ ತೊಟ್ಟಿಯಿತ್ತು. ಗೇಜಿನ ಮೇಲೆ ಅನುಮಾನ ಬಂದಾಗ ಪೀಸಿಗೆ ಗಾಳಿ ತುಂಬಿ ಅದರಲ್ಲಿ ಮುಳುಗಿಸಿ ನೋಡುತ್ತಿದ್ದರು. ‘ಇದನ್ನ ಟೆಸ್ಟ್ ಮಾಡಮ್ಮ’ ಅಂದರು ನಂಜುಂಡಯ್ಯನವರು. ಪುಟ್ಟಲಕ್ಷ್ಮಮ್ಮ ಕೈ ತೊಳೆದು, ಪೀಸನ್ನು ಜೋಡಿಸಿ, ಗಾಳಿ ಬಿಟ್ಟು, ನಿಧಾನವಾಗಿ ನೀರಿಗಿಳಿಸಿದರು. ನಾವು ನಾಲ್ವರೂ ಬಗ್ಗಿ ನೋಡಿದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ತಿರುಪಿನ ಸುತ್ತುಗಳ ಹತ್ತಿರ ಒಂದು ಗುಳ್ಳೆ ಕಾಣಿಸಿಕೊಂಡು, ದಪ್ಪಗಾಗಿ, ಬಿಟ್ಟುಕೊಂಡು ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

‘ಸೋರ್ತೈತೆ ಸಾರ್’ ಅಂದರು ಪುಟ್ಟಲಕ್ಷ್ಮಮ್ಮ.

ಪ್ರಭಾಕರ್ ಅವರ ಮುಂದೆ ಬಂದು ನಿಂತರು. ‘ಪುಟ್ಲಕ್ಷ್ಮಮ್ಮ, ತಪ್ಪು ನಿಮ್ದಲ್ಲ. ನಾನು ಮಾಡಿದ್ದು. ನಿಮ್ಮ ಹೆಸರು ಸುಮ್ಮನೆ ಬಂದಿತ್ತು. ಇವರ ಮುಂದೆ ನಿಮ್ಮನ್ನ ಕೇಳಿದೆ, ಈಗ ಇವರ ಮುಂದೇನೇ ಹೇಳ್ತೀನಿ.’

ಅವರು ಪ್ರಭಾಕರರನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. ಮತ್ತೆ ತೊಟ್ಟಿಯ ಕಡೆ ತಿರುಗಿದರು. ಗುಳ್ಳೆ ಇನ್ನೂ ಬರುತ್ತಿತ್ತು.

‘ಅದೆಲ್ಲ ಆಮ್ಯಾಕೆ ಸಾರ್’ ಅಂದರು. ‘ಇಂಥವು ಎಷ್ಟು ಆಚೆ ಓಗವೆ? ಮೊದ್ಲು ಆಸ್ಪತ್ರೆಯವ್ರಿಗೆ ಫೋನ್ ಮಾಡಿ.’

ನಂಜುಂಡಯ್ಯನವರು ಆಗಲೇ ಜೇಬಿನಿಂದ ಫೋನ್ ತೆಗೆಯುತ್ತಿದ್ದರು. ಆ ಕ್ಷಣ ಅವರ ಮನಸ್ಸಿನಲ್ಲಿ ಏನು ಓಡಿತೋ ಗೊತ್ತಿಲ್ಲ. ಇಷ್ಟು ವರ್ಷ ಕಟ್ಟಿದ ಹೆಸರು, ಗಿರಾಕಿಗಳು, ನಾಳೆಯ ಆರ್ಡರುಗಳು, ಎಲ್ಲ ಓಡಿರಬೇಕು. ಒಂದೆರಡು ಹೆಜ್ಜೆ ಆಚೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತರು. ಆಮೇಲೆ ತಿರುಗಿ ನನ್ನನ್ನು ಕೇಳಿದರು, ‘ಆ ಸಂಖ್ಯೆ ಇರೋ ಪೀಸುಗಳು ಯಾವ ಯಾವ ಊರಿಗೆ ಹೋಗಿವೆ, ತೆಗೆದುಕೊಡ್ತೀಯಾ? ಒಂದೂ ಬಿಡಬಾರದು.’

ಒಂದೂ ಬಿಡಲಿಲ್ಲ. ಆ ಗುರುತು ಇಲ್ಲದಿದ್ದರೆ ಆ ತಿಂಗಳು ಹೋದ ಮಾಲನ್ನೆಲ್ಲ ವಾಪಸ್ ತರಿಸಬೇಕಾಗುತ್ತಿತ್ತು. ಇಲ್ಲವೇ ದೂರು ಬಂದದ್ದನ್ನು ಮಾತ್ರ ಬದಲಿಸಿ ಮಿಕ್ಕದ್ದು ದೇವರ ಮೇಲೆ ಬಿಡಬೇಕಾಗುತ್ತಿತ್ತು. ಈಗ ಯಾವ ಪೀಸು ಅಂತ ಬೆರಳಿಟ್ಟು ಹೇಳಬಹುದಿತ್ತು. ಆ ಸಂಜೆಯೇ ಫೋನುಗಳು ಹೋದವು. ಕೆಲವರು ಬೈದರು, ಕೆಲವರು ನೀವಾಗೇ ಹೇಳಿದಿರಲ್ಲ ಅಂತ ಥ್ಯಾಂಕ್ಸ್ ಹೇಳಿದರು. ಹೆಚ್ಚಿನವು ಇನ್ನೂ ಆಸ್ಪತ್ರೆಗಳ ಸ್ಟೋರಿನಲ್ಲಿ ಪೆಟ್ಟಿಗೆ ಒಡೆಯದೆ ಕೂತಿದ್ದವು.

ಹೊಸ ಸರ್ವರ್ ಆ ಶನಿವಾರ ಬರಲಿಲ್ಲ. ಮುಂದಿನ ವಾರಗಳಲ್ಲಿ ನಾನು ಟ್ರಿಗರನ್ನು ಹೊಸದಾಗಿ ಬರೆದೆ. ಈಗ ಅದು ಎದ್ದಾಗ ದಿನವನ್ನೂ ಕೇಳುವುದಿಲ್ಲ, ಲಾಟನ್ನೂ ಕೇಳುವುದಿಲ್ಲ. ತನ್ನನ್ನು ಎಬ್ಬಿಸಿದ ಕೆಲಸ ಮುಟ್ಟಿದ ಸಾಲುಗಳನ್ನು ಮಾತ್ರ ಡೇಟಾಬೇಸಿನಿಂದಲೇ ಕೈಗೆ ತೆಗೆದುಕೊಂಡು, ಅವುಗಳನ್ನಷ್ಟೇ ಬರೆಯುತ್ತದೆ. ಪಕ್ಕದಲ್ಲಿ ಟ್ರಾನ್ಸಾಕ್ಷನ್ನಿನ ಸಂಖ್ಯೆಯನ್ನೂ ಬರೆಯುತ್ತದೆ, ಮೆಷಿನ್ ಬದಲಾದರೂ ಅಳಿಸದಂತೆ. ಹಳೆಯದನ್ನು ಅಳಿಸಿ ಬರೆಯುವುದು ನಿಂತಿತು. ಎಲ್ಲರೂ ಬಳಸುವ ಲಾಗಿನ್ನೂ ಹೋಯಿತು.

ಅದು ಸರಿಯಾಗಿದೆಯೇ ಅಂತ ನೋಡಲು ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಲಾಟನ್ನು ಮುಟ್ಟಬೇಕಿತ್ತು. ಪ್ರಭಾಕರ್ ಒಂದು ಕಂಪ್ಯೂಟರಿನಲ್ಲಿ, ಪುಟ್ಟಲಕ್ಷ್ಮಮ್ಮ ಇನ್ನೊಂದರಲ್ಲಿ ಕೂತರು. ನಾನು ಮಧ್ಯೆ ನಿಂತು ‘ಒಂದು, ಎರಡು, ಮೂರು’ ಅಂದೆ. ಇಬ್ಬರೂ ಒತ್ತಿದರು. ಚರಿತ್ರೆ ತೆಗೆದರೆ ಅವರದು ಅವರಿಗೆ, ಇವರದು ಇವರಿಗೆ ಬಂದಿತ್ತು.

‘ಇನ್ನೊಂದ್ ಕಿತ ಮಾಡನ’ ಅಂದರು ಪುಟ್ಟಲಕ್ಷ್ಮಮ್ಮ. ಮಕ್ಕಳಾಟದ ಹಾಗೆ ಮತ್ತೆ ಮತ್ತೆ ಮಾಡಿದೆವು. ಪ್ಯಾಕಿಂಗಿನ ಹೆಂಗಸರೆಲ್ಲ ಬಂದು ಬಾಗಿಲಲ್ಲಿ ನಿಂತು ನೋಡಿದರು. ಅವತ್ತು ಪ್ರಭಾಕರ್ ನಗುವುದನ್ನು ನಾನು ಮೊದಲ ಸಲ ನೋಡಿದೆ. ಒಟ್ಟಿಗೆ ಹಲವು ಸಂಖ್ಯೆ ತಿದ್ದುವಾಗ ಇನ್ನೊಬ್ಬರು ನೋಡಿ ಒಪ್ಪಬೇಕು ಅನ್ನುವ ನಿಯಮವನ್ನು ಅವರೇ ಕೇಳಿ ಮಾಡಿಸಿಕೊಂಡರು. ಒಪ್ಪುವವರ ಜಾಗದಲ್ಲಿ ಪುಟ್ಟಲಕ್ಷ್ಮಮ್ಮನ ಹೆಸರು ಹಾಕಿ ಅಂದದ್ದೂ ಅವರೇ.

ಜೋಡಿಸಿ ಆಗಿದ್ದ ಪೀಸುಗಳನ್ನು ಬದಲಿಸಲು ನಾವೇ ಹೋಗಬೇಕಿತ್ತು. ಮಳೆ ಬಿಡುವು ಕೊಟ್ಟ ಒಂದು ದಿನ ಕಾರ್ಖಾನೆಯ ವ್ಯಾನಿನಲ್ಲಿ ತುಮಕೂರು ರಸ್ತೆ ಹಿಡಿದು ಹೊರಟೆವು. ಪ್ರಭಾಕರ್ ವ್ಯಾನ್ ಓಡಿಸುತ್ತಿದ್ದರು. ಪೀಸುಗಳ ನಂಬರ್ ತಾಳೆ ನೋಡಲು ನಾನು, ಜೋಡಿಸಿದ ಮೇಲೆ ಪರೀಕ್ಷಿಸಲು ಪುಟ್ಟಲಕ್ಷ್ಮಮ್ಮ. ಇಷ್ಟು ವರ್ಷ ಸಾವಿರಾರು ಪೀಸು ಪಾಸು ಮಾಡಿದ್ದರೂ ಅವು ಎಲ್ಲಿ ಹೋಗಿ ಕೂರುತ್ತವೆ ಅಂತ ಅವರು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅದೊಂದು ಸಣ್ಣ ಆಸ್ಪತ್ರೆ. ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಒಬ್ಬರು ಅಜ್ಜ ಮಲಗಿದ್ದರು. ನರ್ಸ್ ಅವರಿಗೆ ಸಿಲಿಂಡರಿನಿಂದ ಆಕ್ಸಿಜನ್ ಕೊಟ್ಟು ಗೋಡೆಯ ಪೈಪು ಮುಚ್ಚಿದರು. ಪ್ರಭಾಕರ್ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರು. ಪುಟ್ಟಲಕ್ಷ್ಮಮ್ಮ ಸೋಪಿನ ನೀರು ಸವರಿ, ಮುಖ ಹತ್ತಿರ ತಂದು ನೋಡುತ್ತ ನಿಂತರು. ಗುಳ್ಳೆ ಏಳಲಿಲ್ಲ. ಆದರೂ ಅವರು ಕದಲಲಿಲ್ಲ. ಅಜ್ಜ ಮಾಸ್ಕ್ ಸರಿಸಿ ಕೇಳಿದರು.

‘ಏನ್ ತಾಯಿ, ಕೆಟ್ಟೋಗಿತ್ತಾ?’

‘ಸರಿಯಾಯ್ತು ತಾತ. ನೀವ್ ಮಲಕ್ಕಳಿ.’

‘ನೀವ್ ಮಾಡ್ತೀರೇನು ಇದನ್ನ?’

‘ಊಂ. ನಾನು ಪಾಸ್ ಮಾಡ್ತೀನಿ’ ಅಂದರು. ಅಜ್ಜ ಮಾಸ್ಕ್ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರ ಎದೆ ಏರಿ ಇಳಿಯುವುದನ್ನು ನಾವು ಮೂವರೂ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದೆವು.

ಹೊರಗೆ ಬರುವಾಗ ಅವರ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಗಂಡನ ದನಿ ನನಗೂ ಕೇಳುತ್ತಿತ್ತು, ಎಲ್ಲಿದೀಯ ಅಂತ.

‘ಆಸ್ಪತ್ರೇಲಿವ್ನಿ’ ಅಂದರು. ಆ ಕಡೆ ಗಾಬರಿ. ‘ಅಯ್ಯ, ನಂಗೇನಾಗಿಲ್ಲ, ಚೆನ್ನಾಗಿವ್ನಿ. ಕೆಲ್ಸದ ಮೇಲ್ ಬಂದಿವ್ನಿ. ತಡ ಆಯ್ತದೆ, ನೀವು ಉಂಡ್ಬಿಡಿ.’

ಫೋನನ್ನು ಬ್ಯಾಗಿಗೆ ಹಾಕಿಕೊಂಡು ವ್ಯಾನ್ ಹತ್ತಿದರು. ಮುಂದಿನ ಸೀಟಿನಲ್ಲಿ ಕೂತು, ಹೊಸ ಪೀಸುಗಳ ಪೆಟ್ಟಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

‘ಮುಂದಿನ ಆಸ್ಪತ್ರೆ ಯಾವ್ ಕಡೆ ಸಾರ್?’ ಅಂದರು.